ಶಾಸ್ತ್ರೀಯ ಸಂಗೀತ: ಕೇಳಲು ಎಲ್ಲಿಂದ ತೊಡಗಬೇಕು?

ಸಂಗೀತವನ್ನು ಕಲಿಯಲು ಎಲ್ಲಿಂದ ತೊಡಗಬೇಕೆಂಬ ಪ್ರಶ್ನೆಗೆ ದಕ್ಷಿಣದಲ್ಲಿ ಬಹುಕಾಲದಿಂದ ಸಿದ್ಧ ಉತ್ತರವಿದೆ. ಪುರಂದರದಾಸರು ಹಾಕಿಕೊಟ್ಟರೆಂದು ಸಂಪ್ರದಾಯ ನಂಬುವ ಕ್ರಮ ಅದು: ಮಾಯಾಮಾಳವಗೌಳದಲ್ಲಿ ಸರಳೆ ವರಸೆ, ಜಂಟಿ ವರಸೆ, ಅಲಂಕಾರ, ಆಮೇಲೆ ಪಿಳ್ಳಾರಿ ಗೀತೆ. ಕೇಳುವುದಕ್ಕೆ ಅಂಥ ಕ್ರಮವನ್ನು ಯಾರೂ ಹಾಕಿಕೊಡಲಿಲ್ಲ. ಹಾಡುವ ಹಂಬಲವಿಲ್ಲದೆ ಕೇಳುವ ಆಸೆಯಷ್ಟೇ ಇರುವವರು ಮೂವತ್ತರಲ್ಲೋ ಅರವತ್ತರಲ್ಲೋ ಬಂದು ‘ಯಾವುದನ್ನು ಮೊದಲು ಕೇಳಲಿ?’ ಎಂದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ರಾಗಲಕ್ಷಣ ಓದಿಕೊಳ್ಳಿ ಎನ್ನುವವರಿದ್ದಾರೆ, ಏನನ್ನೂ ಓದದೆ ಕಛೇರಿಗೆ ಬಂದು ಕೂತುಕೊಳ್ಳಿ ಎನ್ನುವವರಿದ್ದಾರೆ. ದೇವರನಾಮದಿಂದ, ಸಿನಿಮಾ ಹಾಡಿನಿಂದ, ಫ್ಯೂಷನ್ನಿನಿಂದ ಎನ್ನುವವರೂ ಇದ್ದಾರೆ. ಫ್ಯೂಷನ್ನನ್ನು ಮಾತ್ರ ಹತ್ತಿರಕ್ಕೆ ಬಿಟ್ಟುಕೊಳ್ಳಬೇಡಿ ಎಂದು ಎಚ್ಚರಿಸುವವರೂ ಉಂಟು.

ಇವರೆಲ್ಲ ತಮ್ಮ ತಮ್ಮ ಅನುಭವದಿಂದಲೇ ಮಾತಾಡುತ್ತಾರೆ, ಹಾಗಾಗಿ ಯಾರನ್ನೂ ತಳ್ಳಿಹಾಕುವಂತಿಲ್ಲ. ಆದರೆ ಪ್ರತಿಯೊಂದು ದಾರಿಯೂ ಕಿವಿಯನ್ನು ಒಂದು ಸೂಕ್ಷ್ಮಕ್ಕೆ ಹದಗೊಳಿಸಿ ಇನ್ನೊಂದಕ್ಕೆ ಮಂಕಾಗಿಸುತ್ತದೆ ಎಂಬುದು ನನ್ನ ತಿಳಿವಳಿಕೆ. ಯಾವುದು ಏನನ್ನು ಕೊಡುತ್ತದೆ, ಏನನ್ನು ಕಳೆಯುತ್ತದೆ ಎಂದು ತಿಳಿದರೆ ಹೊಸಬರು ತಮ್ಮ ದಾರಿಯನ್ನು ತಾವೇ ಆರಿಸಿಕೊಳ್ಳಬಹುದು.

ಪ್ರಶ್ನೆ ಹುಟ್ಟಿದ ಬಗೆ

ಅರಮನೆಯ ದರ್ಬಾರಿನಲ್ಲೂ ದೇವಸ್ಥಾನದ ಪ್ರಾಕಾರದಲ್ಲೂ ಈ ಪ್ರಶ್ನೆ ಇರಲಿಲ್ಲ. ದರ್ಬಾರಿನಲ್ಲಿ ಕೇಳುವವರು ಬಲ್ಲವರಾಗಿರುತ್ತಿದ್ದರು, ಇಲ್ಲವೇ ಬಲ್ಲವರ ಪಕ್ಕದಲ್ಲಿ ಕೂತವರಾಗಿರುತ್ತಿದ್ದರು. ಗುಡಿಯಲ್ಲಿ ನಾಗಸ್ವರ ಯಾರನ್ನೂ ಕೇಳದೆ ಕಿವಿಗೆ ಬೀಳುತ್ತಿತ್ತು. ಟಿಕೆಟ್ಟು ಕೊಂಡು ಬರುವ, ಮೊದಲೇ ಏನೂ ಗೊತ್ತಿಲ್ಲದ ಶ್ರೋತೃ ಇಪ್ಪತ್ತನೆಯ ಶತಮಾನದ ಸೃಷ್ಟಿ.

ಆ ಶತಮಾನದ ಮೊದಲ ಮೂರು ದಶಕಗಳಲ್ಲಿ ಎಲ್ಲವೂ ಒಂದರ ಹಿಂದೊಂದು ನಡೆಯಿತು. 1901ರಲ್ಲಿ ವಿಷ್ಣು ದಿಗಂಬರ ಪಲುಸ್ಕರರು ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದರು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮಫೋನ್ ಕಂಪನಿಗೆ ಹಾಡಿ, ಹಾಡಿನ ಕೊನೆಗೆ ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಕೂಗಿ ಹೇಳಿದಳು. ತಟ್ಟೆಗಳು ತಯಾರಾಗುತ್ತಿದ್ದದ್ದು ಜರ್ಮನಿಯಲ್ಲಿ, ಅಲ್ಲಿನವರಿಗೆ ಯಾರ ಹಾಡೆಂದು ತಿಳಿಯಬೇಕಿತ್ತು. 1905ರಲ್ಲಿ ಬೆಂಗಳೂರು ಗಾಯನ ಸಮಾಜ ಶುರುವಾಯಿತು. ಭಾತಖಂಡೆಯವರ ಮುತುವರ್ಜಿಯಿಂದ 1916ರಲ್ಲಿ ಬರೋಡದಲ್ಲಿ ಅಖಿಲ ಭಾರತ ಸಂಗೀತ ಸಮ್ಮೇಳನ ಕೂಡಿತು. 1928ರಲ್ಲಿ ಮದ್ರಾಸಿನ ಮ್ಯೂಸಿಕ್ ಅಕಾಡೆಮಿ ಬಂತು. ಅದೇ ವರ್ಷ ನಾಲ್ವಡಿ ಕೃಷ್ಣರಾಜ ಒಡೆಯರು ಗೌಹರ್ ಜಾನಳನ್ನು ಮೈಸೂರಿಗೆ ಕರೆಸಿಕೊಂಡರು. 1930ರ ಜನವರಿಯಲ್ಲಿ ಆಕೆ ತೀರಿಕೊಂಡದ್ದೂ ಮೈಸೂರಿನಲ್ಲೇ.

ತಟ್ಟೆಯ ಒಂದು ಬದಿಗೆ ಹಿಡಿಯುತ್ತಿದ್ದದ್ದು ಮೂರು ನಿಮಿಷಕ್ಕಿಂತ ತುಸು ಹೆಚ್ಚು. ಗಂಟೆಗಟ್ಟಲೆ ಅರಳಬೇಕಾದ ರಾಗವನ್ನು ಆ ಮೂರು ನಿಮಿಷಕ್ಕೆ ಇಳಿಸಿದಾಗಲೇ ‘ಹೊಸಬರಿಗೆ ಎಷ್ಟು ಸಾಕು’ ಎಂಬ ವಾದವೂ ಆರಂಭವಾಯಿತು. ಸ್ವಾತಂತ್ರ್ಯದ ನಂತರ ಸರ್ಕಾರವೇ ಈ ವಾದಕ್ಕೆ ಇಳಿಯಿತು. ವಾರ್ತಾ ಸಚಿವ ಬಿ.ವಿ. ಕೇಸ್ಕರ್ 1952ರಲ್ಲಿ ಆಕಾಶವಾಣಿಯಿಂದ ಸಿನಿಮಾ ಹಾಡುಗಳನ್ನು ಹೆಚ್ಚುಕಡಿಮೆ ಹೊರಗಿಟ್ಟರು. ಅದೇ ವರ್ಷ ಸಂಗೀತದ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು. ಒಳ್ಳೆಯದನ್ನು ಕೇಳಿಸುತ್ತ ಹೋದರೆ ಜನ ಕೇಳುತ್ತಾರೆ ಎಂಬ ನಂಬಿಕೆ ಅದರ ಹಿಂದಿತ್ತು. ಜನ ರೇಡಿಯೊ ಮುಳ್ಳನ್ನು ಸಿಲೋನಿನ ಕಡೆ ತಿರುಗಿಸಿದರು. 1957ರಲ್ಲಿ ವಿವಿಧ ಭಾರತಿ ಬಂದು ಸಿನಿಮಾ ಹಾಡುಗಳು ಮರಳಿದವು. ಕೇಸ್ಕರರು ಸೋತರು ಎಂದು ಹೇಳುವುದು ವಾಡಿಕೆ. ಆದರೆ ಧಾರವಾಡ, ಬೆಂಗಳೂರು, ಮೈಸೂರು ನಿಲಯಗಳಿಂದ ವರ್ಷಾನುಗಟ್ಟಲೆ ಹರಿದ ಕಛೇರಿಗಳನ್ನು ಅಡುಗೆಮನೆಯಲ್ಲಿ, ಅಂಗಡಿಯಲ್ಲಿ ಕೆಲಸ ಮಾಡುತ್ತಲೇ ಕೇಳಿ ರಸಿಕರಾದವರ ಒಂದು ತಲೆಮಾರೇ ನಮ್ಮಲ್ಲಿದೆ. ಅವರನ್ನು ಮರೆತು ಈ ಲೆಕ್ಕ ಮುಗಿಸಬಾರದು.

ತಿಳಿದು ಕೇಳುವವರ ಪಂಥ

ಭಾತಖಂಡೆಯವರ (1860–1936) ಕೆಲಸದಿಂದ ಬೆಳೆದ ಪಂಥ ಇದು. ಅವರು ಹಿಂದುಸ್ತಾನಿ ರಾಗಗಳನ್ನು ಹತ್ತು ಥಾಟ್‌ಗಳಲ್ಲಿ ಜೋಡಿಸಿ, ಪ್ರತಿ ರಾಗಕ್ಕೂ ಆರೋಹ, ಅವರೋಹ, ವಾದಿ, ಸಂವಾದಿ, ಹಾಡುವ ಸಮಯ ಎಲ್ಲವನ್ನೂ ಬರೆದಿಟ್ಟರು. ದಕ್ಷಿಣದಲ್ಲಿ ವೆಂಕಟಮಖಿಯ 72 ಮೇಳಗಳ ಚೌಕಟ್ಟು ಅದಕ್ಕೂ ಮೊದಲೇ ಇತ್ತು. ಈ ಪಂಥದವರ ಪ್ರಕಾರ ನಿಯಮ ಗೊತ್ತಿಲ್ಲದವರಿಗೆ ಕಲಾವಿದರ ಧೈರ್ಯ ಗೊತ್ತಾಗದು. ಆದಿತಾಳದ ಎಂಟು ಎಣಿಕೆ ಕೈಗೆ ಹತ್ತಿದವರಿಗೆ ಮಾತ್ರ ತನಿ ಆವರ್ತನದ (ಲಯವಾದ್ಯಗಳ ಬಿಡಿ ವಾದನದ) ಮುಕ್ತಾಯ ಹಾಡು ಎತ್ತಿಕೊಂಡ ಜಾಗವಾದ ಎಡುಪಿಗೆ ಬಂದು ಕೂಡುವಾಗಿನ ರೋಮಾಂಚನ ದಕ್ಕುತ್ತದೆ. ವಿಲಂಬಿತ ಏಕತಾಲದಲ್ಲಿ ಹನ್ನೆರಡು ಮಾತ್ರೆಯ ಒಂದು ಆವರ್ತನ ಸುತ್ತಿ ಬರಲು ಮುಕ್ಕಾಲು ನಿಮಿಷಕ್ಕೂ ಹೆಚ್ಚು ಹಿಡಿಯುವುದುಂಟು. ಸಮ್, ಎಂದರೆ ಆವರ್ತನದ ಮೊದಲ ಮಾತ್ರೆ, ಎಲ್ಲಿದೆಯೆಂದು ತಿಳಿಯದವರಿಗೆ ಆ ಹೊತ್ತು ಬರೀ ಕಾಯುವಿಕೆ, ತಿಳಿದವರಿಗೆ ನಿರೀಕ್ಷೆ.

ಈ ವಾದವನ್ನು ನಾನು ಗೌರವಿಸುತ್ತೇನೆ. ಬೇಸರವಾಯಿತೆಂದು ಅರ್ಧಕ್ಕೆ ಎದ್ದುಹೋದ ಹೊಸಬರಲ್ಲಿ ಬಹಳ ಮಂದಿಗೆ ತಾಳದ ಲೆಕ್ಕವನ್ನು ಹತ್ತು ನಿಮಿಷ ಯಾರಾದರೂ ಪಕ್ಕದಲ್ಲಿ ಕೂತು ತೋರಿಸಿದ್ದರೆ ಅವರು ಕೂತಿರುತ್ತಿದ್ದರು.

ತೊಡಕಿರುವುದು ರಾಗದ ವಿಷಯದಲ್ಲಿ. ಸ್ವರಗಳ ಪಟ್ಟಿ ರಾಗವಾಗುವುದಿಲ್ಲ. ಭೂಪ್ ಮತ್ತು ದೇಶ್‌ಕಾರ್ ಎರಡರಲ್ಲೂ ಇರುವುದು ಅದೇ ಐದು ಸ್ವರ: ಸ, ರಿ, ಗ, ಪ, ಧ. ಆದರೆ ಭೂಪ್ ಗಾಂಧಾರದ ಮೇಲೆ ನಿಂತು ಸಪ್ತಕದ ಕೆಳಭಾಗದಲ್ಲಿ ನೆಲೆಯೂರುವ ಸಂಜೆಯ ರಾಗ. ದೇಶ್‌ಕಾರ್ ಧೈವತವನ್ನು ಹಿಡಿದು ಮೇಲುಭಾಗದಲ್ಲೇ ಸುಳಿದಾಡುವ ಬೆಳಗಿನ ರಾಗ. ಮಾರ್ವಾ, ಪೂರಿಯಾ, ಸೋಹನಿ ಮೂರಕ್ಕೂ ಸ್ವರಗಳು ಒಂದೇ. ಸಂಜೆ ಮಾರ್ವಾ ಷಡ್ಜವನ್ನು ತಪ್ಪಿಸಿ ತಪ್ಪಿಸಿ ಕೋಮಲ ರಿಷಭದಲ್ಲಿ ಮನಸ್ಸನ್ನು ತೂಗುಬಿಡುತ್ತದೆ, ಪೂರಿಯಾ ಮಂದ್ರಕ್ಕೆ ಇಳಿದು ಗಂಭೀರವಾಗುತ್ತದೆ, ಸೋಹನಿ ತಾರ ಷಡ್ಜದ ಸುತ್ತ ಮಿಂಚುತ್ತದೆ. ಅದೇ ಅಕ್ಕಿ, ಅದೇ ಉದ್ದಿನಬೇಳೆಯಿಂದ ಇಡ್ಲಿಯೂ ಆಗುತ್ತದೆ, ದೋಸೆಯೂ ಆಗುತ್ತದೆ. ಕರ್ನಾಟಕ ಸಂಗೀತದಲ್ಲಂತೂ ತೋಡಿಯ ಗಾಂಧಾರವನ್ನು ಕಾಗದದ ಮೇಲೆ ಬರೆದು ತೋರಿಸುವುದು ಅಸಾಧ್ಯ, ಅದು ಇರುವುದೇ ಅದರ ಗಮಕದಲ್ಲಿ. ಈ ಹಾದಿಯನ್ನು ತುಂಬ ನೆಚ್ಚಿಕೊಂಡವರು ಕಛೇರಿಯಲ್ಲಿ ಕೂತು ‘ಇದು ಯಾವ ರಾಗ?’ ಎಂದು ಹುಡುಕುವುದರಲ್ಲೇ ಆಲಾಪವನ್ನು ಕಳೆದುಕೊಳ್ಳುತ್ತಾರೆ. ಹೆಸರು ಸಿಕ್ಕ ಕೂಡಲೇ ಕೇಳುವುದು ಮುಗಿಯಿತೆಂದು ಅವರ ಮನಸ್ಸು ತಿಳಿದುಬಿಡುತ್ತದೆ.

ಕೇಳಿ ತಿಳಿಯುವವರ ಪಂಥ

ಇದಕ್ಕೆ ಎದುರಿನ ಮಾತು: ಮಗು ವ್ಯಾಕರಣ ಓದಿ ಮಾತು ಕಲಿಯುವುದಿಲ್ಲ. ಗುರುಕುಲದ ಶಿಷ್ಯರೂ ಮೊದಲ ವರ್ಷಗಳಲ್ಲಿ ಹೆಚ್ಚಾಗಿ ಕೇಳುತ್ತಲೇ ಇದ್ದರು. ಗದಗಿನ ಹುಡುಗ ಭೀಮಸೇನ ಜೋಶಿ ಅಂಗಡಿಯಲ್ಲಿ ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮ್ರಿಯ ತಟ್ಟೆ ಕೇಳಿ, ಹನ್ನೊಂದರ ವಯಸ್ಸಿನಲ್ಲಿ ಗುರುವನ್ನು ಹುಡುಕುತ್ತ ಮನೆ ಬಿಟ್ಟು ಹೋದ ಕಥೆ ಎಲ್ಲರಿಗೂ ಗೊತ್ತು. ಆ ಹುಡುಗನಿಗೆ ಝಿಂಝೋಟಿಯ ವಾದಿ-ಸಂವಾದಿ ತಿಳಿದಿರಬೇಕಾದ ಅಗತ್ಯ ಇರಲಿಲ್ಲ.

ಈ ಪಂಥಕ್ಕೆ ಪ್ರಯೋಗಶಾಲೆಯಿಂದಲೂ ಸ್ವಲ್ಪ ಬೆಂಬಲ ಸಿಕ್ಕಿದೆ. 1984ರಲ್ಲಿ ಕ್ಯಾಸ್ಟೆಲಾನೊ, ಭರೂಚಾ, ಕ್ರುಮ್‌ಹಾನ್ಸಲ್ ಎಂಬ ಸಂಶೋಧಕರು ಹಿಂದುಸ್ತಾನಿ ರಾಗಗಳನ್ನು ಭಾರತೀಯರಿಗೂ ಪಾಶ್ಚಾತ್ಯರಿಗೂ ಕೇಳಿಸಿ, ಯಾವ ಸ್ವರ ಎಷ್ಟು ಹೊಂದುತ್ತದೆ ಎಂದು ಕೇಳಿದರು. ಆ ಸಂಗೀತವನ್ನೇ ಅರಿಯದ ಪಾಶ್ಚಾತ್ಯರೂ ಷಡ್ಜ, ಪಂಚಮ, ವಾದಿ ಸ್ವರಗಳ ಹಿರಿತನವನ್ನು ಕೇಳಿದ್ದರಿಂದಲೇ ಹಿಡಿದರು. ಥಾಟ್‌ನ ಚೌಕಟ್ಟನ್ನು ಮಾತ್ರ ಭಾರತೀಯ ಕಿವಿಗಳಷ್ಟೇ ಗುರುತಿಸಿದವು. 1999ರಲ್ಲಿ ಬಾಲ್ಕ್‌ವಿಲ್ ಮತ್ತು ಥಾಂಪ್ಸನ್ ನಡೆಸಿದ ಅಧ್ಯಯನದಲ್ಲಿ ಪಾಶ್ಚಾತ್ಯ ಕೇಳುಗರು ರಾಗಗಳಲ್ಲಿನ ಸಂತೋಷ, ದುಃಖ, ಕೋಪಗಳನ್ನು ಗುರುತಿಸಿದರು, ಶಾಂತವನ್ನು ಗುರುತಿಸಲಾರದೆ ಹೋದರು. ನಮ್ಮ ಸಂಗೀತದ ಹಿರಿಯ ಸಾಧನೆಯೇ ಶಾಂತರಸವೆಂದು ನಂಬಿದವರು ಈ ಫಲಿತಾಂಶದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಎಂದರೆ, ಬರಿಗಿವಿಗೆ ಬಹಳಷ್ಟು ಸಿಗುತ್ತದೆ. ಆದರೆ ಎಲ್ಲವೂ ಸಿಗುವುದಿಲ್ಲ, ಸಿಗದೆ ಉಳಿಯುವುದು ಸಣ್ಣದೇನೂ ಅಲ್ಲ.

‘ಸುಮ್ಮನೆ ಕೇಳಿ’ ಎನ್ನುವ ಸಲಹೆಯಲ್ಲಿ ಇನ್ನೊಂದು ಕೊರತೆ ಇದೆ. ಏನನ್ನು, ಎಷ್ಟು ಸಲ ಎಂದು ಅದು ಹೇಳುವುದಿಲ್ಲ. ದಿನಕ್ಕೊಂದು ಹೊಸ ರಾಗ ಕೇಳುವವರಿಗೆ ವರ್ಷವಾದರೂ ಎಲ್ಲವೂ ಒಂದೇ ಹೊಳೆಯಂತೆ ಹರಿದುಹೋಗಬಹುದು. ಒಂದೇ ರಾಗವನ್ನು ಹಿಡಿದು, ಅದನ್ನು ಬೇರೆ ಬೇರೆ ಕಂಠಗಳಲ್ಲಿ, ವಾದ್ಯಗಳಲ್ಲಿ ಕೆಲವು ವಾರ ಕೇಳುವುದು ನನಗೆ ಕಂಡ ಮಟ್ಟಿಗೆ ಅತ್ಯಂತ ಫಲ ಕೊಡುವ ಕ್ರಮ. ಯಮನ್ ಹಿಡಿದರೆ ಭೀಮಸೇನರದು, ಅಮೀರ್ ಖಾನರದು, ವಿಲಾಯತ್ ಖಾನರ ಸಿತಾರಿನದು ಕೇಳಿ, ಅಲ್ಲಿಂದ ಕರ್ನಾಟಕದ ಕಲ್ಯಾಣಿಗೆ ದಾಟಬಹುದು. ಒಬ್ಬರು ನಿಧಾನವಾಗಿ ಕಟ್ಟಿದ್ದನ್ನು ಇನ್ನೊಬ್ಬರು ಒಂದೇ ಏಟಿಗೆ ತೆರೆದಿಟ್ಟಾಗ, ಎರಡರಲ್ಲೂ ಬದಲಾಗದೆ ಉಳಿದದ್ದು ಏನೋ ಅದೇ ರಾಗವೆಂದು ಯಾರೂ ಹೇಳಿಕೊಡದೆ ತಿಳಿಯುತ್ತದೆ.

ಮಾತಿನ ಬೆಳಕಿನಲ್ಲಿ

ಕನ್ನಡಿಗರ ಮನೆಗಳಲ್ಲಿ ಶಾಸ್ತ್ರೀಯ ಸಂಗೀತ ಬಹುಪಾಲು ಒಳಬಂದದ್ದು ಸಾಹಿತ್ಯದ ಕೈಹಿಡಿದು. ಉತ್ತರ ಕರ್ನಾಟಕದಲ್ಲಿ ಮಲ್ಲಿಕಾರ್ಜುನ ಮನ್ಸೂರರ ವಚನಗಳು, ಭೀಮಸೇನರ ದಾಸವಾಣಿ, ನಾಟಕ ಕಂಪನಿಗಳ ರಂಗಗೀತೆ. ದಕ್ಷಿಣದಲ್ಲಿ ದೇವರನಾಮ, ರಾಮನವಮಿಯ ಪೆಂಡಾಲು, 1963ರಲ್ಲಿ ಎಂ.ಎಸ್. ಸುಬ್ಬುಲಕ್ಷ್ಮಿ ಮುದ್ರಿಸಿಕೊಟ್ಟ ವೆಂಕಟೇಶ ಸುಪ್ರಭಾತ. ಮನ್ಸೂರರು ಜೈಪುರ-ಅತ್ರೌಲಿ ಘರಾಣೆಯ ಅಪರೂಪದ ಜೋಡಿ ರಾಗಗಳ ಗಾಯಕರು, ಹೊಸಬರಿಗೆ ಸುಲಭವಾಗಿ ದಕ್ಕುವವರಲ್ಲ. ಆದರೆ ಅಕ್ಕನ, ಬಸವಣ್ಣನ ವಚನಗಳನ್ನು ಅವರ ದನಿಯಲ್ಲಿ ಕೇಳಿದವರಿಗೆ ಆ ಕಂಠದ ತಿರುವುಗಳು ಮೊದಲೇ ಪರಿಚಯವಾಗಿರುತ್ತವೆ. ಖ್ಯಾಲಿಗೆ ಹೋದಾಗ ಪೂರ್ತಿ ಅಪರಿಚಿತ ಊರಿಗೆ ಹೋದಂತಾಗುವುದಿಲ್ಲ.

ಈ ದಾರಿಯ ಹಿಂದೆ ಭಾಷೆಯ ಜಗಳವೂ ಇದೆ. 1940ರ ದಶಕದಲ್ಲಿ ತಮಿಳುನಾಡಿನಲ್ಲಿ ತಮಿಳ್ ಇಸೈ ಚಳವಳಿ ನಡೆದದ್ದು ಕಛೇರಿಗಳಲ್ಲಿ ತೆಲುಗು ಕೀರ್ತನೆಗಳೇ ತುಂಬಿವೆ ಎಂಬ ಕಾರಣಕ್ಕೆ. 1960ರ ದಶಕದಲ್ಲಿ ಬೆಂಗಳೂರಿನ ಸಂಗೀತೋತ್ಸವಗಳಲ್ಲಿ ಕನ್ನಡಕ್ಕೂ ಕನ್ನಡದ ಕಲಾವಿದರಿಗೂ ಜಾಗ ಬೇಕೆಂದು ಅನಕೃ ಮೊದಲಾದವರು ಗಟ್ಟಿಯಾಗಿ ದನಿಯೆತ್ತಿದರು. ಮೈಸೂರು ವಾಸುದೇವಾಚಾರ್ಯರಂಥ ನಮ್ಮ ದೊಡ್ಡ ವಾಗ್ಗೇಯಕಾರರೇ ರಚಿಸಿದ್ದು ಹೆಚ್ಚಾಗಿ ಸಂಸ್ಕೃತ, ತೆಲುಗಿನಲ್ಲಿ. ಇಂದಿಗೂ ದೇವರನಾಮಕ್ಕೆ ಬಹುತೇಕ ಕಛೇರಿಗಳಲ್ಲಿ ಸಿಗುವ ಸ್ಥಳ ತನಿ ಮುಗಿದ ಮೇಲಿನದು, ಜನ ಚಪ್ಪಲಿ ಹುಡುಕಲು ಎದ್ದಾಗಿನದು. ಪುರಂದರದಾಸರನ್ನು ಸಂಗೀತದ ಪಿತಾಮಹರೆಂದು ಕರೆದು ಅವರ ಪದಗಳನ್ನು ಬಾಲಕ್ಕೆ ಕಟ್ಟುವುದು ನನಗೆ ಒಪ್ಪಿಗೆಯಾಗದ ಸಂಗತಿ. ವಿಸ್ತಾರವಾದ ಆಲಾಪನೆ, ನೆರವಲ್, ಕಲ್ಪನಾಸ್ವರಗಳನ್ನು ಹೊರುವ ಕಸುವು ದಾಸರ ಎಷ್ಟೋ ಪದಗಳಿಗೆ ಇದೆ.

ಆದರೂ ಇದರ ಮಿತಿ ಸ್ಪಷ್ಟ. ಖ್ಯಾಲಿನ ಬಂದಿಶ್ ಎರಡು ಸಾಲಿನದು, ಅದರ ಮಾತು ಅರ್ಧ ಗಂಟೆಯಲ್ಲಿ ಕರಗಿ ಬರೀ ಆಕಾರ ಉಳಿಯುತ್ತದೆ. ತಾನ, ತರಾನಾಗಳಲ್ಲಿ ಅರ್ಥದ ಮಾತೇ ಇಲ್ಲ. ಮಾತಿನ ಭಕ್ತಿಯಲ್ಲಿ ನೆಲೆ ಕಂಡ ಕಿವಿ ಅಲ್ಲಿ ‘ಇವರು ಏನು ಹೇಳುತ್ತಿದ್ದಾರೆ?’ ಎಂದು ಕಂಗಾಲಾಗುತ್ತದೆ. ಟಿ.ಎಂ. ಕೃಷ್ಣ 2013ರ ತಮ್ಮ ‘ಎ ಸದರ್ನ್ ಮ್ಯೂಸಿಕ್’ ಪುಸ್ತಕದಲ್ಲಿ ಈ ನಂಟನ್ನೇ ಪ್ರಶ್ನಿಸಿ, ಸಾಹಿತ್ಯದ ಧಾರ್ಮಿಕ ಅರ್ಥವನ್ನು ಬದಿಗಿಟ್ಟು ಅದನ್ನು ನಾದವಾಗಿ ಕೇಳಬಹುದೆಂದು ವಾದಿಸಿದರು. ಭಕ್ತಿಯಿಲ್ಲದೆ ತ್ಯಾಗರಾಜರನ್ನು ಕೇಳುವುದು ಸಾಧ್ಯವೇ ಇಲ್ಲ ಎನ್ನುವವರು ಅದನ್ನು ಅಷ್ಟೇ ಕಳಕಳಿಯಿಂದ ವಿರೋಧಿಸುತ್ತಾರೆ.

ಸಿನಿಮಾ ಹಾಡಿನಿಂದ ಹಿಂದಕ್ಕೆ

ವಿವಿಧ ಭಾರತಿಯ ಬೆಳಗಿನ ‘ಸಂಗೀತ ಸರಿತಾ’ ಕೇಳಿದವರಿಗೆ ಈ ಹಾದಿ ಚೆನ್ನಾಗಿ ಗೊತ್ತು: ಒಂದು ರಾಗದ ಪರಿಚಯ, ಆ ರಾಗದ ಒಂದು ಚಿತ್ರಗೀತೆ, ಜೊತೆಗೆ ಒಬ್ಬ ದೊಡ್ಡ ಕಲಾವಿದರ ಗಾಯನವೋ ವಾದನವೋ. 1952ರ ‘ಬೈಜು ಬಾವರಾ’ದಲ್ಲಿ ನೌಷಾದ್ ಅವರು ರಫಿಯವರಿಂದ ಮಾಲ್‌ಕೌಂಸ್‌ನ ಭಜನೆ ಹಾಡಿಸಿದರು. ಸ್ಪರ್ಧೆಯ ದೃಶ್ಯಕ್ಕೆ ಅಮೀರ್ ಖಾನ್ ಮತ್ತು ಡಿ.ವಿ. ಪಲುಸ್ಕರರನ್ನೇ ಕರೆತಂದರು. ಈ ಪಲುಸ್ಕರ್, ಲಾಹೋರಿನಲ್ಲಿ ಶಾಲೆ ತೆರೆದವರ ಮಗ. ಕನ್ನಡದಲ್ಲಿ ಅನಕೃ ಕಾದಂಬರಿಯಿಂದ ಬಂದ ‘ಸಂಧ್ಯಾರಾಗ’ (1966), ತರಾಸು ಕಾದಂಬರಿಯಿಂದ ಜಿ.ವಿ. ಅಯ್ಯರ್ ಮಾಡಿದ ‘ಹಂಸಗೀತೆ’ (1975) ಅದೇ ಕೆಲಸ ಮಾಡಿದವು. ಚಿತ್ರಗೀತೆ ರಾಗದ ಮುಖವನ್ನು ಕೂಡಲೇ ತೋರಿಸುತ್ತದೆ, ನೆನಪಿನಲ್ಲಿ ಉಳಿಯುತ್ತದೆ. ಅದು ತೋರಿಸಲಾರದ್ದು ಬೆಳವಣಿಗೆಯನ್ನು. ಸಿದ್ಧವಾದ ಧಾಟಿಯನ್ನು ಎದುರು ನೋಡುವ ಅಭ್ಯಾಸವಾದವರಿಗೆ, ಇನ್ನೂ ಹುಟ್ಟುತ್ತಿರುವ ಧಾಟಿಯನ್ನು ಕಾಯುವುದು ಕಷ್ಟ.

ಫ್ಯೂಷನ್ ಎಂಬ ಬಿಸಿ ಚರ್ಚೆ

ಫ್ಯೂಷನ್ನನ್ನು ಹೊಸ ಕಾಲದ ಕೆಡುಕೆಂದು ಬಗೆಯುವವರಿಗೆ ಇತಿಹಾಸ ಅನುಕೂಲವಾಗಿಲ್ಲ. ಇಂದು ಕರ್ನಾಟಕ ಸಂಗೀತದ ಉಸಿರಿನಂತಿರುವ ಪಿಟೀಲು ಯುರೋಪಿನದು. ಅದನ್ನು ನಮ್ಮ ಸಂಗೀತಕ್ಕೆ ಒಗ್ಗಿಸಿದವರಲ್ಲಿ ಬಾಲುಸ್ವಾಮಿ ದೀಕ್ಷಿತರು ಮೊದಲಿಗರು, ಅವರ ಅಣ್ಣ ಮುತ್ತುಸ್ವಾಮಿ ದೀಕ್ಷಿತರು ಪಾಶ್ಚಾತ್ಯ ಧಾಟಿಗಳಿಗೆ ಸಂಸ್ಕೃತದಲ್ಲಿ ನೊಟ್ಟುಸ್ವರ ಸಾಹಿತ್ಯ ಬರೆದರು. ಅಬ್ದುಲ್ ಕರೀಂ ಖಾನರು ಮೈಸೂರಿನ ಒಡನಾಟದಿಂದ ಕರ್ನಾಟಕ ಪದ್ಧತಿಯನ್ನು ಮೆಚ್ಚಿ ಖರಹರಪ್ರಿಯದ ತ್ಯಾಗರಾಜ ಕೃತಿಯೊಂದನ್ನು ತಟ್ಟೆಗೆ ಹಾಡಿದರು. ಅವರ ಕಿರಾನಾ ಘರಾಣೆಯ ಸರಗಮ್ಮಿನಲ್ಲಿ ಆ ಒಲವಿನ ಗುರುತಿದೆ. ಹಂಸಧ್ವನಿ, ರಾಮಸ್ವಾಮಿ ದೀಕ್ಷಿತರಿಂದ ಹುಟ್ಟಿ ಅಮಾನ್ ಅಲಿ ಖಾನರ ಮೂಲಕ ಉತ್ತರದ್ದೂ ಆಯಿತು. ಜಯಚಾಮರಾಜ ಒಡೆಯರು ಕರ್ನಾಟಕ ಕೃತಿಗಳನ್ನು ರಚಿಸುತ್ತಲೇ ರಷ್ಯದ ಮೆಟ್ನರ್‌ನ ಪಿಯಾನೊ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟರು. ಪಾಣೆಮಂಗಳೂರು ಕಡೆಯ ನಾಗಸ್ವರದ ಮನೆತನದಿಂದ ಬಂದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿದ ಸ್ಯಾಕ್ಸೊಫೋನನ್ನು ಗಮಕಕ್ಕೆ ಬಗ್ಗಿಸಿದರು. ಅದನ್ನು ಈಗ ಯಾರೂ ಫ್ಯೂಷನ್ ಎನ್ನುವುದಿಲ್ಲ.

ನಾವು ಇಂದು ಫ್ಯೂಷನ್ ಎನ್ನುವುದರ ಬೇರು 1960ರ ದಶಕದಲ್ಲಿದೆ. ರವಿಶಂಕರ್–ಮೆನುಹಿನ್ ಜೋಡಿಯ ಧ್ವನಿಮುದ್ರಿಕೆ 1967ರಲ್ಲಿ ಬಂತು. ಅದೇ ವರ್ಷದ ‘ಕಾಲ್ ಆಫ್ ದ ವ್ಯಾಲಿ’ಯಲ್ಲಿ ಶಿವಕುಮಾರ ಶರ್ಮರ ಸಂತೂರ್, ಹರಿಪ್ರಸಾದ ಚೌರಾಸಿಯಾರ ಬಾನ್ಸುರಿ, ಬೃಜಭೂಷಣ ಕಾಬ್ರಾರ ಗಿಟಾರ್ ಸೇರಿ ಕಾಶ್ಮೀರದ ಕುರಿಗಾಹಿಯ ಒಂದು ದಿನವನ್ನು ಬೇರೆ ಬೇರೆ ಹೊತ್ತಿನ ರಾಗಗಳಲ್ಲಿ ಹೇಳಿದವು. ರಾಗಗಳನ್ನು ಬೆರೆಸದೆ, ಬರೀ ಕಥೆಯ ದಾರದಲ್ಲಿ ಪೋಣಿಸಿದ ಅದು ಹೊಸಬರಿಗೆ ಇಂದಿಗೂ ನಿಶ್ಚಿಂತೆಯಿಂದ ಹೇಳಬಹುದಾದ ಮೊದಲ ಕೇಳುವಿಕೆ.

ರವಿಶಂಕರರ ಮನಸ್ಸಿನಲ್ಲೇ ಈ ವಿಷಯದಲ್ಲಿ ಎರಡು ದನಿಗಳಿದ್ದವು. 1971ರ ಆಗಸ್ಟ್ 1ರಂದು ನ್ಯೂಯಾರ್ಕಿನ ಬಾಂಗ್ಲಾದೇಶ ನೆರವಿನ ಕಛೇರಿಯಲ್ಲಿ ಅವರು, ಅಲಿ ಅಕ್ಬರ್ ಖಾನ್, ಅಲ್ಲಾ ರಖಾ ವಾದ್ಯಗಳನ್ನು ಶ್ರುತಿ ಮಾಡಿ ಮುಗಿಸಿದಾಗ ಸಭೆ ಚಪ್ಪಾಳೆ ಹೊಡೆಯಿತು. ಶ್ರುತಿ ಮಾಡಿದ್ದೇ ಇಷ್ಟು ಹಿಡಿಸಿದರೆ ನುಡಿಸುವುದು ಇನ್ನೂ ಹಿಡಿಸೀತು ಎಂಬ ಅರ್ಥದ ಮಾತನ್ನು ಅವರು ನಯವಾಗಿ ಆಡಿದರು. ಪ್ರೀತಿ ತುಂಬಿತ್ತು, ಆದರೆ ಕಿವಿ ಇನ್ನೂ ತಯಾರಾಗಿರಲಿಲ್ಲ. ಫ್ಯೂಷನ್ ವಿರೋಧಿಗಳು ಇಂದಿಗೂ ಎತ್ತಿ ತೋರುವುದು ಇಂಥದ್ದನ್ನೇ.

ಫ್ಯೂಷನ್ನಿನ ಪರವಾಗಿ ನಿಲ್ಲುವವರಿಗೆ ‘ಶಕ್ತಿ’ ತಂಡಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಜಾನ್ ಮೆಕ್‌ಲಾಕ್ಲಿನ್, ಎಲ್. ಶಂಕರ್, ಜಾಕೀರ್ ಹುಸೇನ್, ವಿಕ್ಕು ವಿನಾಯಕರಾಮ್ ಕೂಡಿದ ಈ ತಂಡದ ಮೊದಲ ಮುದ್ರಿಕೆ ಬಂದದ್ದು 1976ರಲ್ಲಿ. ಮೆಕ್‌ಲಾಕ್ಲಿನ್ ವೀಣೆ ಕಲಿತರು. ಗಿಟಾರಿನ ಮನೆಗಳ ನಡುವಿನ ಮರವನ್ನು ಕೊರೆಸಿ, ತಂತಿಯನ್ನು ಒತ್ತಿ ಎಳೆದು ಗಮಕ ತೆಗೆಯುವಂತೆ ಮಾಡಿಸಿಕೊಂಡರು. ಕರ್ನಾಟಕ ಮತ್ತು ಹಿಂದುಸ್ತಾನಿ ಲಯಪದ್ಧತಿಗಳು ಘಟ ಮತ್ತು ತಬಲಾದಲ್ಲಿ ಎದುರುಬದುರು ಕೂತು ಮಾತಾಡಿದ್ದೂ ಅಲ್ಲೇ. ಬೆಂಗಳೂರಿನಲ್ಲಿ ಟಿ.ಎ.ಎಸ್. ಮಣಿಯವರ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಇದೇ ದಾರಿಯಲ್ಲಿ ದೂರ ನಡೆಯಿತು. ಆರ್.ಎ. ರಮಾಮಣಿ ಅವರ ಗಾಯನದೊಂದಿಗೆ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ನುಡಿಸಿದ ‘ಜ್ಯೋತಿ’ 1983ರದು. ಅದನ್ನು ಕೇಳಿದ ಕನ್ನಡಿಗರು ತೀರಾ ಕಡಿಮೆಯೆಂಬುದು ನನಗೆ ನೋವಿನ ಸಂಗತಿ.

ಒಳ್ಳೆಯ ಫ್ಯೂಷನ್ ಮತ್ತು ಸೊರಗಿದ ಫ್ಯೂಷನ್ ನಡುವಿನ ಗೆರೆಯನ್ನು ನಾನು ಎಳೆಯುವುದು ಹೀಗೆ. ಪಾಶ್ಚಾತ್ಯ ಸಂಗೀತ ಸ್ವರಮೇಳಗಳ ಚಲನೆಯ ಮೇಲೆ ನಿಂತಿದೆ, ರಾಗ ಒಂದೇ ಷಡ್ಜದ ಮೇಲೆ ನಿಂತಿದೆ. ಕೆಳಗೆ ಸ್ವರಮೇಳ ಬದಲಾಗುತ್ತಿದ್ದರೆ ಮೇಲಿನ ಗಾಂಧಾರದ ಅರ್ಥವೂ ಬದಲಾಗುತ್ತ ಹೋಗುತ್ತದೆ, ತಂಬೂರಿ ಕೊಡುತ್ತಿದ್ದ ನೆಲೆ ತಪ್ಪುತ್ತದೆ. ಈ ತೊಡಕನ್ನು ಅರಿತು ಪರಿಹಾರ ಹುಡುಕಿದವರ ಕೆಲಸ ನಿಲ್ಲುತ್ತದೆ. ಡ್ರಮ್ಸ್, ಕೀಬೋರ್ಡು ಹರಡಿ ಅದರ ಮೇಲೆ ನಾಲ್ಕು ಸಾಲು ಸರಗಮ್ ಚೆಲ್ಲುವ ಕೆಲಸದಲ್ಲಿ ರಾಗಕ್ಕೆ ಉಸಿರಾಡಲು ಜಾಗವೇ ಇರುವುದಿಲ್ಲ. ಫ್ಯೂಷನ್ ಕಿವಿಯನ್ನು ಲಯಕ್ಕೆ ಬೇಗ ತೆರೆಯುತ್ತದೆ. ಮೌನಕ್ಕೆ, ಎರಡು ಸ್ವರಗಳ ನಡುವಿನ ಮೀಂಡಿಗೆ ತೆರೆಯುವುದು ನಿಧಾನ. ಲಯದಿಂದ ಬಂದವರಿಗೆ ಮುಂದಿನ ಹೆಜ್ಜೆಯಾಗಿ ನೇರ ಬಡಾ ಖ್ಯಾಲ್ ಕೊಡುವ ಬದಲು ತಬಲಾ ಸೋಲೊ ಅಥವಾ ತನಿ ಆವರ್ತನ, ಅಲ್ಲಿಂದ ಸಿತಾರ್–ಸರೋದ್‌ಗಳ ಜೋಡ್–ಝಾಲಾ, ಆಮೇಲೆ ಆಲಾಪ ಎಂದು ಹಿಂದುಮುಂದಾಗಿ ನಡೆಸುವುದು ಮೇಲು.

ಎದುರಿಗೆ ಕೂತು, ಯಾರ ಪಕ್ಕದಲ್ಲಿ

ಹಿಂದುಸ್ತಾನಿ ಗಾಯಕರಾಗಿದ್ದ ರಾಜೀವ ತಾರಾನಾಥರು ಬೆಂಗಳೂರಿನಲ್ಲಿ ಅಲಿ ಅಕ್ಬರ್ ಖಾನರ ಸರೋದನ್ನು ಎದುರಿಗೆ ಕೂತು ಕೇಳಿ, ಆ ವಾದ್ಯಕ್ಕೆ ಬಾಳನ್ನೇ ಕೊಟ್ಟರು. ಕಛೇರಿಯಲ್ಲಿ ಸಿಗುವ ಏನೋ ಒಂದು ಮುದ್ರಿಕೆಯಲ್ಲಿ ಸಿಗುವುದಿಲ್ಲ ಎಂಬುದಕ್ಕೆ ಇಂಥ ಸಾಕ್ಷಿಗಳು ಬಹಳ. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ಪುಣ್ಯತಿಥಿಗೆ, ಚಾಮರಾಜಪೇಟೆಯಲ್ಲಿ 1939ರಿಂದ ನಡೆದುಬಂದ ಶ್ರೀ ರಾಮಸೇವಾ ಮಂಡಲಿಯ ರಾಮನವಮಿ ಕಛೇರಿಗಳಿಗೆ ಹೋದ ಹೊಸಬರು ಪಕ್ಕದವರ ತೊಡೆಯ ಮೇಲಿನ ತಾಳದಿಂದ, ‘ವಾಹ್’, ‘ಭೇಷ್’ ಎಂದ ಹೊತ್ತಿನಿಂದ ಕಲಿಯುತ್ತಾರೆ. ಅದು ಪುಸ್ತಕವೂ ಕೊಡದ, ಮೊಬೈಲೂ ಕೊಡದ ಪಾಠ.

ಆದರೆ ಆ ಪಕ್ಕದಲ್ಲಿ ಯಾರು ಕೂರಬಹುದು? 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಗಾಂಧೀಜಿಯ ಮುಂದೆ ಸ್ವಾಗತಗೀತೆ ಹಾಡಿದ ಬಾಲಕಿ ಗಂಗೂಬಾಯಿ ಹಾನಗಲ್ಲರಿಗೆ, ತಾನು ಉಂಡ ಎಲೆಯನ್ನು ತಾನೇ ಎತ್ತಲು ಹೇಳಿಯಾರೋ ಎಂಬ ಅಂಜಿಕೆ ಇತ್ತು. ಆಕೆಯೇ ಅದನ್ನು ಮುಂದೆ ಹೇಳಿಕೊಂಡಿದ್ದಾರೆ. ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದ್ದು ದೇವದಾಸಿ ಮನೆತನದ ಬೆಂಗಳೂರು ನಾಗರತ್ನಮ್ಮ. ಅಲ್ಲಿ ಹೆಂಗಸರು ಹಾಡಲು ಆಕೆ ಹೋರಾಡಬೇಕಾಯಿತು. ಸಭಾಗಳ ಬಾಗಿಲು ಎಲ್ಲರಿಗೂ ತೆರೆದಿದೆ ಎಂಬ ಮಾತು ಕಾಗದದ ಮೇಲೆ ನಿಜ. ಒಳಗಿನ ಮಾತು, ಉಡುಗೆ, ನೋಟ ಕೆಲವರಿಗೆ ‘ಇದು ನಮ್ಮದಲ್ಲ’ ಎನ್ನಿಸುವಂತೆ ಇರುವುದೂ ಅಷ್ಟೇ ನಿಜ. ಗದಗಿನ ವೀರೇಶ್ವರ ಪುಣ್ಯಾಶ್ರಮ ಇದಕ್ಕೆ ಬೇರೆ ದಾರಿ ತೋರಿತು. ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಅಂಧ ಮಕ್ಕಳಿಗೆ, ಬಡವರಿಗೆ, ಜಾತಿ ನೋಡದೆ ಕಲಿಸಿದ್ದರಿಂದ ಆ ಭಾಗದ ಜಾತ್ರೆ, ಮಠ, ನಾಟಕಗಳಲ್ಲಿ ರಾಗ ಹಳ್ಳಿಗರ ಸ್ವತ್ತಾಯಿತು. ಕೇಳುವುದು ಹೇಗೆಂಬ ಚರ್ಚೆಯಲ್ಲಿ ಇದನ್ನು ಹೊರಗಿಟ್ಟರೆ ಉಳಿದ ಸಲಹೆಗಳೆಲ್ಲ ಈಗಾಗಲೇ ಒಳಗಿರುವವರಿಗೆ ಹೇಳಿದಂತಾಗುತ್ತದೆ.

ಇನ್ನೂ ತೀರ್ಮಾನವಾಗದ್ದು

ರಾಗದ ಭಾವ ಸ್ವರದಲ್ಲೇ ಇದೆಯೋ, ನಾವು ಬೆಳೆದ ಬಗೆಯಲ್ಲಿದೆಯೋ ಎಂಬುದು ಬಗೆಹರಿದಿಲ್ಲ. ದುಃಖ ಹೊರಗಿನವರಿಗೂ ಕೇಳಿಸಿ ಶಾಂತ ಕೇಳಿಸದೆ ಹೋದದ್ದೇಕೆ ಎಂಬುದಕ್ಕೆ ಎರಡೂ ಕಡೆಯವರ ಬಳಿ ಪೂರ್ತಿ ಉತ್ತರವಿಲ್ಲ. ಸಮಯದ ನಿಯಮವೂ ಹಾಗೆಯೇ. ಬೆಳಗಿನ ಮೂರರ ರಾಗವನ್ನು ಬೆಳಗಿನ ಮೂರಕ್ಕೇ ಕೇಳಬೇಕೆಂಬುದು ಹಿಂದುಸ್ತಾನಿ ರಸಿಕರ ಶ್ರದ್ಧೆ. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ನಿಲ್ಲಿಸಿದ ಮೇಲೆ ಅಹೋರಾತ್ರಿ ಬಯಲು ಕಛೇರಿಗಳು ಕುಗ್ಗಿದವು, ಆ ಹೊತ್ತಿನ ರಾಗಗಳು ಎದುರಿಗೆ ಕೇಳಸಿಗುವುದು ಅಪರೂಪವಾಯಿತು. ಕರ್ನಾಟಕ ಪದ್ಧತಿಯವರು ಹೆಚ್ಚಿನ ರಾಗಗಳನ್ನು ಯಾವ ಹೊತ್ತಿಗೂ ಹಾಡುತ್ತಾರೆ, ಕೇಳುವವರಿಗೆ ಕೊರತೆ ಕಾಣುವುದಿಲ್ಲ. ಹಾಗಾದರೆ ಸಮಯ ರಾಗದ ಗುಣವೋ ರೂಢಿಯೋ?

ಫ್ಯೂಷನ್ನಿನಿಂದ ಬಂದವರು ಆಲಾಪದವರೆಗೆ ನಡೆಯುತ್ತಾರೋ, ಅಲ್ಲೇ ನಿಲ್ಲುತ್ತಾರೋ ಎಂಬ ವಾದ ಇನ್ನೂ ಅವರವರ ಅನುಭವದ ಮೇಲೆಯೇ ನಡೆದಿದೆ. ಮೊಬೈಲಿನ ಅರ್ಧ ನಿಮಿಷದ ತುಣುಕು ಹಳೆಯ ಮೂರು ನಿಮಿಷದ ತಟ್ಟೆಯ ಮುಂದುವರಿಕೆಯೋ, ಬೇರೆಯೇ ಜಾತಿಯದೋ ಎಂಬುದೂ ಹಾಗೆಯೇ. ತಟ್ಟೆಯ ಮೂರು ನಿಮಿಷಕ್ಕಾಗಿ ಗೌಹರ್ ಜಾನ್, ಅಬ್ದುಲ್ ಕರೀಂ ಖಾನ್ ಆರಂಭ-ಅಂತ್ಯ ಉಳ್ಳ ಒಂದು ಪೂರ್ಣ ರೂಪವನ್ನು ಕಟ್ಟಿದ್ದರು. ತುಣುಕಿನಲ್ಲಿ ಹೆಚ್ಚಾಗಿ ಸಿಗುವುದು ತಾನಿನ ತುದಿ ಮಾತ್ರ.

ಎರಡೂ ಪದ್ಧತಿಗಳು ಒಂದೇ ನೆಲದಲ್ಲಿ ಬೆಳೆದ ಕರ್ನಾಟಕಕ್ಕೆ ಇನ್ನೊಂದು ಪ್ರಶ್ನೆ ಉಳಿದಿದೆ. ಮೋಹನ ಮತ್ತು ಭೂಪ್, ಹಿಂದೋಳ ಮತ್ತು ಮಾಲ್‌ಕೌಂಸ್, ಶುದ್ಧಸಾವೇರಿ ಮತ್ತು ದುರ್ಗಾ ಸ್ವರದಲ್ಲಿ ಒಂದೇ. ಹೊಸಬರಿಗೆ ಇವುಗಳನ್ನು ಒಂದೇ ರಾಗದ ಎರಡು ಹೆಸರೆಂದು ಪರಿಚಯಿಸುವುದು ಸುಲಭ, ಜುಗಲ್‌ಬಂದಿಗಳು ನಡೆಯುವುದೂ ಆ ಆಧಾರದ ಮೇಲೆ. ಆದರೆ ಭೂಪ್ ಮತ್ತು ದೇಶ್‌ಕಾರ್ ಒಂದೇ ಸ್ವರಗಳಿದ್ದೂ ಎರಡು ರಾಗವೆಂದು ಒಪ್ಪಿದ ಮೇಲೆ, ಗಮಕವೂ ನಡೆಯೂ ಬೇರೆಯಾದ ಮೋಹನವನ್ನು ಭೂಪಿನ ಜೊತೆ ಒಂದೆನ್ನಲು ಯಾವ ನ್ಯಾಯ? ಧಾರವಾಡದ ವಿದ್ವಾಂಸರೂ ಮೈಸೂರಿನ ವಿದ್ವಾಂಸರೂ ಇದಕ್ಕೆ ಒಂದೇ ಉತ್ತರ ಕೊಡುವುದಿಲ್ಲ.